ತೊಳೆದರೆ ಬರುವ ಮುಖ

ಹೇಳಿದ ಬೆಲೆಗೆ ನಾನು ಯಾವುದನ್ನೂ ಕೊಂಡವನಲ್ಲ. ಒಮ್ಮೆ ಬನವಾಸಿಯ ಬಸ್ಸಿನಲ್ಲಿ ಸೀಟು ಹರಿದು ಸ್ಪ್ರಿಂಗು ಚುಚ್ಚುತ್ತಿತ್ತು. ಟಿಕೆಟಿನಲ್ಲಿ ಸ್ವಲ್ಪ ನೋಡಿಕೊಳ್ಳಿ ಎಂದು ಕಂಡಕ್ಟರರನ್ನೂ ಕೇಳಿ ನೋಡಿದ್ದೇನೆ. ಅವರು ಬಿಡಲಿಲ್ಲ. ಆದರೆ ಕೇಳಿದ್ದರಿಂದ ನಷ್ಟವೇನಾಯಿತು ಹೇಳಿ? ಪಕ್ಕದವರು ನಕ್ಕು ಸರಿದು ಕೂತರು, ನನಗೆ ಹರಿಯದ ಕಡೆ ಜಾಗ ಸಿಕ್ಕಿತು. ಚೌಕಾಸಿಯ ಲಾಭ ಯಾವಾಗಲೂ ದುಡ್ಡಿನ ರೂಪದಲ್ಲೇ ಬರಬೇಕೆಂದಿಲ್ಲ. ಅದರ ನಷ್ಟವೂ ಹಾಗೆಯೇ ಎಂಬುದು ನನಗೆ ತಡವಾಗಿ ತಿಳಿಯಿತು. ಅದನ್ನು ಹೇಳುವುದಕ್ಕೇ ಈಗ ಕೂತಿದ್ದೇನೆ.

ಶಿರಸಿಯ ಪೇಟೆಯಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಹಿಂದೆಯೇ ಮನೆ. ಬನವಾಸಿಯಿಂದ ಬಂದ ಹೊಸದರಲ್ಲಿ ಅಂಗಡಿಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಸೈಕಲ್ಲಿನ ಹಿಂದೆ ಗಾಜು ಕಟ್ಟಿಕೊಂಡು ಊರೂರು ತಿರುಗುತ್ತಿದ್ದೆ. ಎಕ್ಕಂಬಿಯ ರಸ್ತೆಯ ಅಷ್ಟೂ ಗುಂಡಿಗಳನ್ನು ದಾಟಿ, ಒಂದು ಗಾಜೂ ಬಿರುಕು ಬಿಡದಂತೆ ಮುಟ್ಟಿಸುತ್ತಿದ್ದುದನ್ನು ನೋಡಿಯೇ ಆ ಊರಿನವರೊಬ್ಬರು ನನಗೆ ಮಗಳನ್ನು ಕೊಟ್ಟರು. ಗಾಜನ್ನು ಇಷ್ಟು ಜೋಪಾನ ಮಾಡುವವನು ಹುಡುಗಿಯನ್ನೂ ಜೋಪಾನ ಮಾಡಿಯಾನು ಎಂಬುದು ಅವರ ಲೆಕ್ಕವಾಗಿತ್ತು. ಗಿರಿಜಾ ಅದನ್ನು ಒಪ್ಪುವುದಿಲ್ಲ. ಗಾಜಿನ ಸುತ್ತ ಹುಲ್ಲಾದರೂ ಇಡುತ್ತಿದ್ದಿರಿ ಎನ್ನುತ್ತಾಳೆ.

ಮದುವೆಯ ಫೋಟೋದ ವಿಷಯ ಬಂತು. ಫೋಟೋ ತೆಗೆಯಲು ಒಪ್ಪಿದವನು ಮೂರು ರೀಲು ಬೇಕು ಎಂದಿದ್ದ. ನಾನು ಒಂದಕ್ಕೆ ಇಳಿಸಿದೆ. ಆ ಗೆಲುವಿನ ಸಂತೋಷದಲ್ಲಿ ನಾಲ್ಕು ದಿನ ನಿದ್ದೆ ಚೆನ್ನಾಗಿ ಬಂತು. ಮದುವೆಯ ದಿನ ಬೆಳಗಿನಿಂದ ಅವನ ಫ್ಲ್ಯಾಶು ಎಲ್ಲ ಕಡೆ ಮಿಂಚುತ್ತಿತ್ತು. ದಿಬ್ಬಣದ ಜೀಪಿನ ಮೇಲೆ, ಬ್ಯಾಂಡಿನವರ ಮೇಲೆ, ಅಡುಗೆಯ ಒಲೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಸೋದರಮಾವನ ಮೇಲೆ. ಮಾವನಿಗೆ ಕ್ಯಾಮೆರಾ ಎಲ್ಲಿದೆ ಎಂಬುದು ಬೆನ್ನಿನಿಂದಲೇ ತಿಳಿಯುತ್ತಿತ್ತು. ಅಕ್ಕಿಕಾಳು ಬೀಳುವ ಹೊತ್ತಿಗೆ ರೀಲು ಮುಗಿದಿತ್ತು. ಹಾಗೆಂದು ಅವನು ಹೇಳಲಿಲ್ಲ. ಬೀಗರ ಮನಸ್ಸು ನೋಯಿಸಬಾರದೆಂದು ಸಂಜೆಯವರೆಗೂ ಖಾಲಿ ಫ್ಲ್ಯಾಶ್ ಹೊಡೆದ. ಆ ಕಾಲದ ಫೋಟೋದವರಿಗೆಲ್ಲ ಗೊತ್ತಿದ್ದ ವಿದ್ಯೆ ಅದು. ನಾವಿಬ್ಬರೂ ಅಕ್ಕಪಕ್ಕ ನಿಂತು ಆ ಖಾಲಿ ಬೆಳಕಿಗೆ ಎಷ್ಟು ಚೆಂದ ನಕ್ಕಿದ್ದೆವೋ, ಕಂಡವರಿಲ್ಲ.

ಆಲ್ಬಮ್ಮು ಬಂತು. ಅದರಲ್ಲಿ ಸೋದರಮಾವನ ಹನ್ನೊಂದು ಫೋಟೋ ಇವೆ. ಮದುಮಗ, ಮದುಮಗಳು ಜೊತೆಯಾಗಿರುವುದು ಒಂದೂ ಇಲ್ಲ.

“ನಿಮ್ಮ ಮಾವನ ಮದುವಿ ಭಾಳ ಛಲೋ ಆಗೇತಿ ನೋಡ್ರಿ,” ಎಂದು ಗಿರಿಜಾ ಆಲ್ಬಮ್ಮು ಮುಚ್ಚಿಟ್ಟಳು. ಇಪ್ಪತ್ತೆಂಟು ವರ್ಷಗಳಲ್ಲಿ ಅದನ್ನು ಮತ್ತೆ ತೆರೆದದ್ದು ಕಾಣೆ.

ಈ ಮನೆಗೆ ಬಂದ ಮೇಲೆ ನಡುಮನೆಯ ಗೋಡೆಗೆ ಅವಳೇ ಒಂದು ಮೊಳೆ ಹೊಡೆಸಿದಳು. ಯಾವುದಕ್ಕೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದರ ಮೇಲೆ ವರ್ಷಕ್ಕೊಂದು ಕ್ಯಾಲೆಂಡರು ತೂಗುತ್ತ ಬಂತು. ಮೊಬೈಲಿನಲ್ಲಿ ನಮ್ಮಿಬ್ಬರ ಫೋಟೋ ಸಾವಿರ ಇವೆ. ಕಟ್ಟು ಹಾಕಿ ಕೊಡಲೇ ಎಂದರೆ, ಬಾಳೆಕಾಯಿ ಚಿಪ್ಸಿನ ಫೋಟೋ ತೆಗೆದದ್ದರಲ್ಲೇ ನಮ್ಮದೂ ತೆಗೆದರೆ ಅದು ಫೋಟೋ ಅಲ್ಲ ಎನ್ನುತ್ತಾಳೆ. ಕಳೆದ ದೀಪಾವಳಿಗೆ ಮುಂಚೆ ಬಣ್ಣ ಹಚ್ಚುವವನು ಬಂದು ಮೊಳೆ ಕೀಳಲೇ ಎಂದು ಕೇಳಿದ. “ಇರಲಿ ಬಿಡಪ್ಪ, ನಮ್ಮವರು ಕಟ್ಟು ಹಾಕ್ತಾರ, ಎಂದಾರ ಒಂದಿನ ನಮಗೂ ಹಾಕ್ಯಾರು,” ಎಂದಳು. ದಿನಕ್ಕೆ ಹತ್ತು ಮದುವೆಯ ಫೋಟೋಗಳಿಗೆ ಗಾಜು ಕೂರಿಸುವವನ ಮನೆಯ ಮೊಳೆ ಅದು. ಮಾತು ಒಳಗೆ ಇಳಿಯಿತು.

ಅದೇ ತಿಂಗಳು ಸಿದ್ದಾಪುರದ ಕಡೆಯ ಮನ್ಮನೆಯಿಂದ ಹೆಗಡೆಯವರೊಬ್ಬರು ಒಂದು ತಗಡಿನ ಡಬ್ಬಿ ಹಿಡಿದು ಅಂಗಡಿಗೆ ಬಂದರು. ಒಳಗೆ ಕೈಯಗಲದ ಗಾಜುಗಳು, ಇಪ್ಪತ್ತೋ ಇಪ್ಪತ್ತೆರಡೋ.

“ಅಟ್ಟ ಗುಡಿಸ್ವಾಗ ಸಿಕ್ತು ಮಾರಾಯ್ರೆ. ಒಂದ್ ಬದಿ ಮಸಿ ಹಿಡದ್ದು. ತಿಕ್ಕಿದ್ರೆ ಹೋಗ್ತು ಕಾಣ್ತು. ನಿಮಗೆ ಎಂತಕ್ಕಾದ್ರೂ ಆಗ್ತಾ?”

ಹಳೆಯ ಗಾಜು ಒಳ್ಳೆಯ ಗಾಜು. ಅದನ್ನು ಮುಖದಲ್ಲಿ ತೋರಿಸಬಾರದು, ಇದು ವ್ಯಾಪಾರದ ಎರಡನೆಯ ಪಾಠ. ಮಸಿಯ ನೆಪ ಹೇಳಿ ಅರ್ಧಕ್ಕೆ ಕೊಂಡೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಮೊದಲ ಗಾಜು ಅದ್ದಿದೆ. ಮಸಿ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು, ಮಡಚಿಕೊಂಡು ಚರಂಡಿಗೆ ಹೋಯಿತು. ಎರಡನೆಯದೂ ಹಾಗೇ. ಗಾಜು ಥಳಥಳ. ಮೂರನೆಯದನ್ನು ಅದ್ದುವ ಮೊದಲು, ಬಿರುಕು ಇದೆಯೋ ಎಂದು ಬೆಳಕಿಗೆ ಹಿಡಿದು ನೋಡಿದೆ.

ಒಬ್ಬಳು ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಕೂದಲು ಬೆಳ್ಳಗೆ, ಮುಖ ಕರ್ರಗೆ, ಕಣ್ಣಿನ ಗುಡ್ಡೆ ಬಿಳಿಯ ಚುಕ್ಕೆ. ಪಕ್ಕದಲ್ಲಿ ಬೆಂಚಿನ ಮೇಲೆ ಒಂದು ಮಗು. ಎಲ್ಲವೂ ತಿರುಗುಮುರುಗು. ಹಿಂದಿನ ಕಾಲದಲ್ಲಿ ರೀಲಿನ ಬದಲು ಗಾಜಿನ ಮೇಲೆಯೇ ಫೋಟೋ ತೆಗೆಯುತ್ತಿದ್ದರೆಂದು ಎಲ್ಲೋ ಕೇಳಿದ್ದೆ. ಹಾಗಾದರೆ ಚರಂಡಿಗೆ ಹೋದದ್ದು ಮಸಿಯಲ್ಲ. ಯಾರೋ ಇಬ್ಬರು.

ಇಲ್ಲಿ ಒಂದು ಮಾತಿನ ವಿಚಾರ ಹೇಳಬೇಕು. ಶಿರಸಿಯಲ್ಲಿ ಫೋಟೋ ‘ತೆಗೆಯುತ್ತಾರೆ’, ಎಕ್ಕಂಬಿ ದಾಟಿದರೆ ‘ಹೊಡೆಯುತ್ತಾರೆ’. ಆದರೆ ತೆಗೆದವರೂ ಹೊಡೆದವರೂ ಕೊನೆಗೆ ಸ್ಟುಡಿಯೋಕ್ಕೆ ಹೋಗಿ ‘ತೊಳೆಸುತ್ತಿದ್ದರು’. ರೀಲು ತೊಳೆಯಲು ಕೊಟ್ಟಿದ್ದೇನೆ, ತೊಳೆದು ಬಂತಾ, ತೊಳೆಯುವಾಗ ಹಾಳಾಯಿತಂತೆ, ಇದೇ ಮಾತು. ನಾನು ಹುಟ್ಟಿನಿಂದ ಬಲ್ಲ ತೊಳೆಯುವಿಕೆಯಲ್ಲಿ ಇದ್ದದ್ದು ಹೋಗುತ್ತದೆ, ಫೋಟೋದವರ ತೊಳೆಯುವಿಕೆಯಲ್ಲಿ ಇಲ್ಲದ್ದು ಬರುತ್ತದೆ. ಪದ ಒಂದೇ. ನಾನು ತಪ್ಪು ತೊಳೆತ ತೊಳೆದುಬಿಟ್ಟಿದ್ದೆ.

ಉಳಿದ ಗಾಜುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮರುದಿನವೇ ಮನ್ಮನೆಗೆ ಹೋದೆ. ಕೊಟ್ಟ ದುಡ್ಡು ವಾಪಸು ಕೇಳಲಿಲ್ಲ. ಇದನ್ನು ನಂಬದವರು ಬೇಕಾದಷ್ಟು ಮಂದಿ ಇದ್ದಾರೆ, ಅವರಲ್ಲಿ ಹೆಗಡೆಯವರೂ ಒಬ್ಬರು. ಅವರು ಒಂದೊಂದೇ ಗಾಜನ್ನು ಕಿಟಕಿಗೆ ಹಿಡಿದು ನೋಡಿದರು.

“ಇವ್ರೆಲ್ಲ ಯಾರು ಅಂತ ಗೊತ್ತಿಲ್ಲೆ ಮಾರಾಯ್ರೆ.” ಹೆಂಗಸಿನ ಗಾಜನ್ನು ಮತ್ತೆ ಕಿಟಕಿಗೆ ಹಿಡಿದು, “ಆದ್ರೆ ಬೆಂಚು ಮಾತ್ರ ನಮ್ಮನೇದೇಯಾ. ನೀವು ಕೂತಿದ್ದು ಅದರ ಮೇಲೇ.”

ನಾನು ಎದ್ದು ನಿಂತುಬಿಟ್ಟೆ. ಇಬ್ಬರನ್ನು ತೊಳೆದುಹಾಕಿದ್ದನ್ನೂ ಅಲ್ಲೇ ಹೇಳಿದೆ. ಅವರು ತಲೆಯಾಡಿಸಿ, ಉಳಿದವರನ್ನಾದರೂ ತಂದಿರಲ್ಲ ಎಂದರು. ಅವರ ಹೆಂಡತಿ ಒಳಗೆ ತೊಡೆದೇವು ಎಂಬ ಸಿಹಿ ಮಾಡುತ್ತಿದ್ದರು. ಅದನ್ನು ನೋಡದವರಿಗೆ ಹೇಳುತ್ತೇನೆ: ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ, ಕಬ್ಬಿನಹಾಲಿನ ತೆಳು ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಮಡಕೆಯ ಬೆನ್ನ ಮೇಲೆ ಒಂದೇ ಸಲ ಎಳೆಯುವುದು. ಕಾಗದಕ್ಕಿಂತ ತೆಳ್ಳಗೆ ಪದರ ನಿಲ್ಲುತ್ತದೆ. ಎರಡನೆಯ ಸಲ ಎಳೆದರೆ ಹರಿಯುತ್ತದೆ. ಕೈಯಲ್ಲಿ ತೊಡೆದೇವು, ಕಣ್ಣಲ್ಲಿ ಗಾಜಿನ ಹೆಂಗಸು, ತಲೆಯಲ್ಲಿ ಮನೆಯ ಮೊಳೆ. ಬಿಸಿನೀರಿಗೆ ಬಿಡುವ ಪದರವಾದರೆ ಅದನ್ನು ಯಾರೋ ಕೈಯಿಂದಲೇ ಹಚ್ಚಿದ್ದಾರೆ. ಅವರಿಗೆ ಬಂದದ್ದು ನನಗೆ ಯಾಕೆ ಬರಬಾರದು? ಗಾಜಂತೂ ನನ್ನಲ್ಲಿ ಲಾರಿ ಲೋಡಿದೆ.

ಯಲ್ಲಾಪುರದ ಖಾದರ್ ಸಾಹೇಬರಿಗೆ ಮೊದಲು ಸ್ಟುಡಿಯೋ ಇತ್ತು, ಈಗ ಮೂರು ಟೆಂಪೋ ಇವೆ. ಅವರ ಹತ್ತಿರ ಕರಿಬಟ್ಟೆ ಹೊದೆಯುವ ಮರದ ದೊಡ್ಡ ಕ್ಯಾಮೆರಾ ಒಂದಿದೆಯೆಂದು ತಿಳಿದು ಹೋದೆ. ದಾರಿಯುದ್ದಕ್ಕೂ ಮೊದಲ ಬೆಲೆ, ನಡುವಿನ ಬೆಲೆ, ಎದ್ದು ಹೊರಡುವ ಬೆಲೆ ಮೂರನ್ನೂ ಸಿದ್ಧಪಡಿಸಿಕೊಂಡಿದ್ದೆ.

“ಮಾರೋದಿಲ್ಲ ಶೆಟ್ರೆ,” ಎಂದರು ಸಾಹೇಬರು. “ಒಯ್ದು ಫೋಟೋ ತೆಗೀರಿ. ಮೂಲೇಲಿ ಕೂತು ಅದಕ್ಕೂ ಬೇಜಾರು, ನನಗೂ ಬೇಜಾರು. ತೆಗೆದದ್ದು ತಂದು ತೋರ್ಸಿ, ಬಸ್.”

ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತಾಯಿತು. ಬೆಲೆಯೇ ಇಲ್ಲದ ವಸ್ತುವಿಗೆ ಕಡಿಮೆ ಕೇಳುವುದು ಹೇಗೆ? ಆದರೂ ಅಭ್ಯಾಸ ಬಿಡಲಿಲ್ಲ, ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನೂ ಅದರೊಳಗೇ ಸೇರಿಸಿಕೊಂಡು ಬಂದೆ.

ಈಗ ಗಾಜು ಮಾಡುವ ಬಗೆ, ಮೊಬೈಲಿನಲ್ಲಿ ನೋಡಿ ಕಲಿತದ್ದು. ನೀವು ಕೇಳದಿದ್ದರೂ ಹೇಳುತ್ತೇನೆ, ಮುಂದೆ ಬೇಕಾದೀತು. ಜೆಲಟಿನ್ ಎಂಬ ಅಂಟಿನ ಪುಡಿಯನ್ನು ಶುದ್ಧ ನೀರಿನಲ್ಲಿ ನೆನೆಸಿ, ಹದವಾಗಿ ಬಿಸಿ ಮಾಡಿ, ಬ್ರೋಮೈಡು ಎಂಬ ಉಪ್ಪನ್ನು ಕರಗಿಸಬೇಕು. ಆಮೇಲೆ ಕೆಂಪು ದೀಪದಲ್ಲಿ, ಬೆಳ್ಳಿಯ ಉಪ್ಪು ಕರಗಿಸಿದ ನೀರನ್ನು ಹನಿಹನಿಯಾಗಿ ಬಿಡುತ್ತ ತಿರುವಬೇಕು. ತಿಳಿಯಾಗಿದ್ದದ್ದು ಮಜ್ಜಿಗೆಯಾಗುತ್ತದೆ. ಆ ಮಜ್ಜಿಗೆಗೆ ಬೆಳಕು ಕಂಡರೆ ನೆನಪಿಟ್ಟುಕೊಳ್ಳುವ ಗುಣ ಬರುತ್ತದೆ. ತಣ್ಣಗೆ ಹೆಪ್ಪಾಗಿಸಿ, ಎಳೆಎಳೆಯಾಗಿ ಒತ್ತಿ, ಬೇಡದ ಉಪ್ಪು ಹೋಗುವಂತೆ ತಣ್ಣೀರಿನಲ್ಲಿ ತೊಳೆದು, ಮತ್ತೆ ಕರಗಿಸಿ ಗಾಜಿನ ಮೇಲೆ ಹರಡಿ ಕತ್ತಲಲ್ಲಿ ಒಣಗಿಸಿದರೆ ಮುಗಿಯಿತು. ಹೇಳುವುದಕ್ಕೆ ಇಷ್ಟೇ. ದೀಪಾವಳಿಯಿಂದ ಶಿವರಾತ್ರಿಯೊಳಗೆ ಮಾಡಿಕೊಳ್ಳಿ, ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಮನುಷ್ಯರೇ ಒಣಗುವುದಿಲ್ಲ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಬೆಳ್ಳಿಯ ಉಪ್ಪು ಕಣ್ಣಿಗೆ ಕೆಟ್ಟದ್ದು. ಕನ್ನಡಕ ಇತ್ತು, ಹಾಕಿಕೊಂಡೆ. ಕೈಗವಸಿನ ದುಡ್ಡು ಉಳಿಸಿದೆ. ಹತ್ತೂ ಬೆರಳು ಕರ್ರಗಾದವು. ಅಡಿಕೆ ಸುಲಿಯುವವರ ಕೈ ಹೀಗೇ ಇರುತ್ತದೆ. ವಾರದೊಳಗೆ ಪೇಟೆಯಲ್ಲಿ, ಶೆಟ್ಟರ ವ್ಯಾಪಾರ ಬಿದ್ದುಹೋಯಿತಂತೆ, ಕೂಲಿಗೆ ಅಡಿಕೆ ಸುಲಿಯಲು ಹೋಗುತ್ತಾರಂತೆ ಎಂಬ ಸುದ್ದಿ. ಗಾಜಿನ ಡೀಲರು ಕನಿಕರಪಟ್ಟು ಒಂದು ಲೋಡಿಗೆ ಬೆಲೆ ಇಳಿಸಿದ. ನಾನು ಸುದ್ದಿಯನ್ನು ಅಲ್ಲಗಳೆಯಲಿಲ್ಲ.

ಜೆಲಟಿನ್ನಿನ ಪೊಟ್ಟಣ ನೋಡಿದ ಕೂಡಲೇ ಗಿರಿಜಾ ಕೇಳಿದಳು:

“ಇದು ಎದರಾಗ ಮಾಡ್ತಾರ್ರಿ?”

“ಅಂಟು. ಒಂದು ನಮೂನಿ ಅಂಟು.”

“ಎದರಾಗ ಅಂತ ಕೇಳಿದೆ.”

ದನದ ಎಲುಬು, ಚರ್ಮದಿಂದ ಎಂದು ಹೇಳಲೇಬೇಕಾಯಿತು. ಲಿಂಗಪೂಜೆಯ ಮನೆ. ಪೊಟ್ಟಣವೂ ನಾನೂ ಒಟ್ಟಿಗೆ ಅಡುಗೆಮನೆಯಿಂದ ಹೊರಗೆ ಬಂದೆವು. ಮೊದಲು ಚೈನಾಗ್ರಾಸ್ ತಂದು ನೋಡಿದೆ. ಅದು ಕಡಲಿನ ಪಾಚಿ, ಮಡಿಗೂ ಆಗುತ್ತದೆ, ಅಗ್ಗ ಕೂಡ. ತೊಳೆಯುವಾಗ ಕಾವಲಿಯಿಂದ ದೋಸೆ ಎದ್ದಂತೆ ಗಾಜಿನಿಂದ ಎದ್ದುಬಂತು. ಆಮೇಲೆ ಅಂಗಡಿಯ ಹಿಂದಿನ ಗೋದಾಮಿನ ಕಿಟಕಿಗೆ ರಟ್ಟು ಬಡಿದು, ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಂಡೆ. ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿದ ಎರಡು ಗಂಟೆ ಅದೇ ನನ್ನ ಕಾರ್ಖಾನೆ. ಕೆಂಪು ದೀಪಕ್ಕೆ ಮಾತ್ರ ಹೊಸದು ಕೊಳ್ಳುವ ಅಗತ್ಯ ಬೀಳಲಿಲ್ಲ. ದೇವರ ಕೋಣೆಯಲ್ಲಿ ಒಂದು ಕೆಂಪು ಝೀರೋ ಬಲ್ಬು ಇತ್ತು.

“ದೇವರಿಗೂ ಕತ್ತಲಿ ಮಾಡಿದ್ರಿ,” ಎಂದಳು. ಆದರೆ ಬಲ್ಬು ವಾಪಸು ಕೇಳಲಿಲ್ಲ. ಗೋಡೆಯ ಮೊಳೆಯ ವಿಷಯ ನಾನು ಬಾಯಿಬಿಟ್ಟಿರಲಿಲ್ಲ, ಅವಳಿಗೆ ಹೇಗೋ ಅಂದಾಜಾಗಿತ್ತು.

ಉಳಿತಾಯಗಳ ಕಥೆ ದೊಡ್ಡದು, ಎರಡೇ ಹೇಳುತ್ತೇನೆ. ಬಾಟಲಿಯ ಶುದ್ಧ ನೀರು ದುಬಾರಿಯೆಂದು ನಲ್ಲಿಯ ನೀರು ಬಳಸಿದೆ. ಬೆಳ್ಳಿಯ ಉಪ್ಪು ಬಿದ್ದ ಕೂಡಲೇ ಅದರಲ್ಲಿ ಮೋಡ ಕವಿಯಿತು, ಬೆಳ್ಳಿ ತಳಕ್ಕೆ ಇಳಿಯಿತು. ನೀರಿನಲ್ಲಿ ಉಳಿಸಿದ್ದರ ಹತ್ತರಷ್ಟು ಬೆಳ್ಳಿಯಲ್ಲಿ ಹೋಯಿತು. ಎರಡನೆಯದು ಇನ್ನೂ ನಾಚಿಕೆಗೇಡು. ಹೆಪ್ಪನ್ನು ಎಳೆಯಾಗಿ ಒತ್ತಬೇಕಲ್ಲ, ಗಿರಿಜಾಳ ಹಿತ್ತಾಳೆಯ ಚಕ್ಕುಲಿ ಒರಳನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದೆ. ಎಳೆ ಏನೋ ಅಂದವಾಗಿಯೇ ಬಂತು. ಗಾಜುಗಳೆಲ್ಲ ಬೆಳಕು ಕಾಣುವ ಮೊದಲೇ ಕಪ್ಪಾದವು. ಬೆಳ್ಳಿಗೆ ಹಿತ್ತಾಳೆ ತಾಗಬಾರದಂತೆ. ಚಕ್ಕುಲಿಗೆ ಎಲುಬಿನ ಅಂಟು ತಾಗಬಾರದೆಂಬುದು ನನಗೆ ಮೊದಲೇ ಗೊತ್ತಿತ್ತು. ಗಿರಿಜಾ ಬೈಯಲಿಲ್ಲ. ಪಾತ್ರೆ ಅಂಗಡಿಗೆ ಒಬ್ಬಳೇ ಹೋಗಿ ಹೊಸ ಒರಳು ತಂದು ಮೇಜಿನ ಮೇಲೆ ಇಟ್ಟಳು.

“ಹೇಳಿದಷ್ಟ ಕೊಟ್ಟ ತಂದೀನಿ,” ಎಂದಳು. ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೆ ಹೊಳೆಯುವುದು ಸಾಧ್ಯವಿರಲಿಲ್ಲ. ಈಗ ಸೊಳ್ಳೆಪರದೆಯ ಬಟ್ಟೆಯಲ್ಲಿ ಹಿಂಡುತ್ತೇನೆ, ನೀವೂ ಹಾಗೇ ಮಾಡಿ.

ಹರಡುವುದನ್ನು ಮಾತ್ರ ಯಾರೂ ಕಲಿಸಬೇಕಾಗಲಿಲ್ಲ. ಮಟ್ಟ ನೋಡಿ ಇಟ್ಟ ಕಡಪಾ ಕಲ್ಲಿನ ಮೇಲೆ ಗಾಜು, ಗಾಜಿನ ಮೇಲೆ ಬೆಚ್ಚಗಿನ ಮಜ್ಜಿಗೆ, ಅದರ ಮೇಲೆ ಒಂದು ಗಾಜಿನ ಕಡ್ಡಿ. ಮನ್ಮನೆಯ ಆ ತಾಯಿಯ ಕೈ ನೆನೆದು ಒಂದೇ ಸಲ ಎಳೆದೆ. ಹೋದ ದಾರಿಯಲ್ಲಿ ತಿರುಗಿ ಬರಲಿಲ್ಲ. ಕೆಂಪು ಬೆಳಕಿನಲ್ಲಿ ಪದರ ಮಿನುಗುತ್ತ ನಿಂತಾಗ, ಇಲ್ಲಿಯವರೆಗೆ ಬೇರೆಯವರ ಫೋಟೋದ ಮುಂದೆ ಗಾಜು ಇಡುತ್ತಿದ್ದವನು ಈಗ ಫೋಟೋವನ್ನೇ ಗಾಜಿನೊಳಗೆ ಇಡುತ್ತಿದ್ದೇನೆ ಎನಿಸಿ, ಒಬ್ಬನೇ ನಕ್ಕೆ.

ಮೊದಲು ಅಂಗಡಿಯ ಮುಂದೆ ನಿಲ್ಲಿಸಿದ್ದ ನನ್ನ ಹಳೆಯ ಸೈಕಲ್ಲಿನ ಫೋಟೋ ತೆಗೆದೆ. ಗೋದಾಮಿನ ಕೆಂಪು ಬೆಳಕಿನಲ್ಲಿ ತಟ್ಟೆಯಲ್ಲಿದ್ದ, ಚಿತ್ರ ಎಬ್ಬಿಸುವ ಔಷಧಿಯೊಳಗೆ ಗಾಜನ್ನು ತೂಗುತ್ತಿದ್ದೆ. ಬಿಳಿಯ ಪದರದ ಮೇಲೆ ಮೊದಲು ಆಕಾಶ ಕಪ್ಪಾಯಿತು, ಆಮೇಲೆ ಚಕ್ರದ ಕಡ್ಡಿಗಳು ಒಂದೊಂದಾಗಿ ಎದ್ದವು. ತೊಳೆದರೆ ಬರುವುದೆಂದರೆ ಇದು. ಗಿರಿಜಾಳನ್ನು ಕೂಗಿ ಕರೆದೆ. ಅವಳು ಬಾಗಿಲು ತೆರೆದಳು, ಬೆಳಕು ನುಗ್ಗಿತು, ಸೈಕಲ್ಲು ಹೋಯಿತು. ತಪ್ಪು ಕರೆದವನದು.

ಆದರೆ ಆ ಒಂದು ಕ್ಷಣದಲ್ಲಿ ಅವಳೂ ಕಡ್ಡಿಗಳನ್ನು ಕಂಡಿದ್ದಳು. “ನನ್ನದೂ ಬರತೈತೇನ್ರಿ ಹಿಂಗ?” ಎಂದಳು.

ಬರುವ ಸೋಮವಾರ ಎಂದು ನಿಶ್ಚಯವಾಯಿತು. ಈ ಗಾಜಿಗೆ ಮೊಬೈಲಿನ ಚುರುಕಿಲ್ಲ. ನೆರಳಿನಲ್ಲಿ ಎಂಟು ಸೆಕೆಂಡು ಅಲ್ಲಾಡದೆ ಕೂರಬೇಕು. ಕ್ಯಾಮೆರಾದ ಮುಂದಿನ ಟೊಪ್ಪಿಗೆ ತೆಗೆದು ಎಂಟು ಎಣಿಸಿ ಮತ್ತೆ ಮುಚ್ಚುವುದು, ಅಷ್ಟೇ ಕೆಲಸ. ಎಂಟಕ್ಕೆ ಬದಲು ಐದಕ್ಕೆ ಆದೀತೇ ಎಂದು ನಾನು ಸೈಕಲ್ಲಿನ ಮೇಲೆ ಪ್ರಯತ್ನಿಸಿ ನೋಡಿದ್ದೆ. ಚಿತ್ರ ತೆಳ್ಳಗಾಗುತ್ತದೆ. ಇಡೀ ಪೇಟೆಯಲ್ಲಿ ಬೆಲೆ ಇಳಿಸದ ವ್ಯಾಪಾರಿ ಒಬ್ಬನೇ, ಬೆಳಕು.

ಸೋಮವಾರ ಹಿತ್ತಲಿಗೆ ಬಂದ ಗಿರಿಜಾಳನ್ನು ನೋಡಿ ನಾನು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಮದುವೆಯ ಸೀರೆ ಉಟ್ಟಿದ್ದಳು. ಹಣೆಗೆ ವಿಭೂತಿ. ಕೆನ್ನೆ, ಗಲ್ಲ, ಕುತ್ತಿಗೆಗೆಲ್ಲ ಅರಿಶಿನ ಹಚ್ಚಿಕೊಂಡು, ಮದುಮಗಳಂತೆಯೇ ಬಂದಿದ್ದಳು. ಎಂಟು ಎಣಿಸಿದೆ. ಅವಳು ರೆಪ್ಪೆ ಕೂಡ ಬಡಿಯಲಿಲ್ಲ. ತೊಳೆದು, ಬಿಸಿಲಿನಲ್ಲಿ ಬೆಳ್ಳಿಯ ಉಪ್ಪು ಹಚ್ಚಿದ ಕಾಗದಕ್ಕೆ ಇಳಿಸಿದೆ. ಮುಖ ಕಾವಲಿಯಷ್ಟು ಕಪ್ಪು. ಆ ಕಪ್ಪಿನ ನಡುವೆ ವಿಭೂತಿಯ ಮೂರು ಗೆರೆಗಳು ಟ್ಯೂಬ್‌ಲೈಟಿನಂತೆ ಉರಿಯುತ್ತಿದ್ದವು.

ಅವಳು ಬಹಳ ಹೊತ್ತು ನೋಡಿದಳು. “ಇಕಿ ಯಾರ್ರಿ?” ಎಂದಳು. ಧ್ವನಿಯಲ್ಲಿ ನಗು ಇರಲಿಲ್ಲ.

ಸಾಹೇಬರಿಗೆ ಫೋನು ಮಾಡಿದೆ. ಅವರು ಒಂದೇ ಮಾತು ಕೇಳಿದರು. “ಅಕ್ಕಾವ್ರು ಅರಿಶಿನ ಹಚ್ಕೊಂಡಿದ್ರಾ?” ಈ ಗಾಜಿಗೆ ಕಾಣಿಸುವುದು ನೀಲಿಯ ಕಡೆಯ ಬೆಳಕು ಮಾತ್ರ. ಕೆಂಪಿಗೂ ಹಳದಿಗೂ ಅದು ಕುರುಡು. ಅದಕ್ಕಾಗಿಯೇ ಕೆಂಪು ದೀಪದಲ್ಲಿ ಧೈರ್ಯವಾಗಿ ಕೆಲಸ ಮಾಡಬಹುದು. ದೇವರ ಕೋಣೆಯ ಬಲ್ಬಿನ ಕೆಳಗೆ ತಿಂಗಳುಗಟ್ಟಲೆ ನಿಂತವನಿಗೆ ಇಷ್ಟು ಹೊಳೆಯಲಿಲ್ಲ. ಚೆಂದ ಕಾಣಲೆಂದು ಹಚ್ಚಿಕೊಂಡದ್ದೇ ಮಸಿಯಾಗಿತ್ತು.

“ಹಂಗಾರ ತೊಳಕೊಂಡ ಬರ್ತೀನಿ,” ಎಂದಳು ಗಿರಿಜಾ. ಎರಡು ದಿನ ಬಿಟ್ಟು, ಕಡಲೆಹಿಟ್ಟಿನಲ್ಲಿ ತಿಕ್ಕಿ ತೊಳೆದ ಮುಖದಲ್ಲಿ, ಅದೇ ಸೀರೆಯಲ್ಲಿ ಮತ್ತೆ ಬಂದು ಕೂತಳು. ಆಕಾಶ ತಿಳಿಯಾಗಿತ್ತು, ನೆರಳು ಹದವಾಗಿತ್ತು. ಎಂಟು ಎಣಿಸಿದೆ. ಇಂಥ ಎಂಟು ನಾನು ಜೀವಮಾನದಲ್ಲಿ ಎಣಿಸಿರಲಿಲ್ಲ.

ಗೋದಾಮಿಗೆ ಹೋಗಿ ಗಾಜನ್ನು ಔಷಧಿಗೆ ಇಳಿಸಿದೆ. ತೂಗಿದೆ. ಬಿಳಿ. ಇನ್ನೂ ತೂಗಿದೆ. ಬಿಳಿಯೇ. ಹೊರಗಿನಿಂದ ಅವಳ ಧ್ವನಿ: “ತೊಳದಾತೇನ್ರಿ?”

“ತೊಳೀಲಿಕತ್ತೀನಿ.”

“ಬಂತೇನು?”

ಆಗ ಹೊಳೆಯಿತು. ಗಾಜನ್ನು ಬೆಳಕು ತಾಗದಂತೆ ಒಂದು ತೆಳ್ಳಗಿನ ಮರದ ಪೆಟ್ಟಿಗೆಯಲ್ಲಿಟ್ಟು ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸುತ್ತೇವೆ. ಅದಕ್ಕೊಂದು ಜಾರುವ ಮುಚ್ಚಳ. ಮುಂದಿನ ಟೊಪ್ಪಿಗೆ ತೆಗೆಯುವ ಮೊದಲು ಹಿಂದಿನ ಮುಚ್ಚಳ ಎಳೆಯಬೇಕು. ಅರಿಶಿನದ ಮೇಲೆಯೇ ಗಮನವಿದ್ದ ನಾನು ಮುಚ್ಚಳ ಎಳೆದಿರಲಿಲ್ಲ. ಅವಳು ಎಂಟು ಸೆಕೆಂಡು ಕೂತದ್ದು ಒಂದು ಹಲಗೆಯ ಮುಂದೆ.

ಔಷಧಿ ಕೆಟ್ಟಿತ್ತು ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಇಪ್ಪತ್ತೆಂಟು ವರ್ಷ ಆ ಫೋಟೋದವನನ್ನು ನಾನು ಬೈದದ್ದು ರೀಲು ಮುಗಿದದ್ದಕ್ಕಲ್ಲ, ಮುಗಿಯಿತೆಂದು ಹೇಳದಿದ್ದುದಕ್ಕೆ. ಬಾಗಿಲು ತೆರೆದು ಹೊರಗೆ ಬಂದೆ.

“ಮುಚ್ಚಳಾ ತೆಗೀಲಿಲ್ಲ ಗಿರಿಜಾ. ಖಾಲಿ ಹೊಡದೆ.”

ಅವಳು ನನ್ನ ಮುಖ ನೋಡಿದಳು. ಗಾಜಿನ ಲೋಡು ಬಂದಿದ್ದ ದೊಡ್ಡ ಖಾಲಿ ಪೆಟ್ಟಿಗೆಯ ಮೇಲೆ ಮೆಲ್ಲಗೆ ಕೂತಳು. ಆಮೇಲೆ ಭುಜ ಕುಣಿಯತೊಡಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

“ಅಂವಗಾರ ನೀವು ಎರಡು ರೀಲು ಕಡಿಮಿ ಮಾಡಿದ್ರಿ, ಖಾಲಿ ಹೊಡದ. ನಿಮಗ ಯಾರು ಕಡಿಮಿ ಮಾಡಿದ್ರು?”

ಕಣ್ಣೊರೆಸಿಕೊಂಡು ಅವಳೇ ಮುಂದುವರಿಸಿದಳು: “ಇನ್ನೊಮ್ಮೆ ಕೂಡ್ರತೀನಿ. ಆದ್ರ ಒಬ್ಬಾಕಿ ಅಲ್ಲ. ಆ ಮೊಳಿಗೆ ಒಬ್ಬಾಕಿ ಫೋಟೋ ಹಾಕಿ ಏನ್ ಮಾಡೂದೈತಿ? ನೀವೂ ಬಾಜೂಕ ಕೂಡ್ರಬೇಕು.”

ನೋಡಿ, ಇಷ್ಟು ದಿನ ಗಾಜು, ಬೆಳ್ಳಿ, ನೀರು, ಒರಳು ಎಲ್ಲ ಯೋಚಿಸಿದವನಿಗೆ, ಮದುವೆಯ ಫೋಟೋದಲ್ಲಿ ನಾನೂ ಇರಬೇಕೆಂಬುದು ಹೊಳೆದೇ ಇರಲಿಲ್ಲ. ಅಲ್ಲಿ ಚೌಕಾಸಿಗೆ ಜಾಗವಿರಲಿಲ್ಲ. ಒಪ್ಪಿದೆ.

ನಾನು ಕೂತರೆ ಕ್ಯಾಮೆರಾ ಹಿಡಿಯುವವರು ಯಾರು? ಭಾನುವಾರ ಖಾದರ್ ಸಾಹೇಬರೇ ತಮ್ಮ ಟೆಂಪೋದಲ್ಲಿ ಯಲ್ಲಾಪುರದಿಂದ ಬಂದರು. ನನ್ನ ಗಾಜುಗಳನ್ನು ಮೂಸಿ ನೋಡಿದರು, ಅಂಚು ಸವರಿ ನೋಡಿದರು. ಮುಚ್ಚಳ ಎಳೆದು ನನ್ನ ಕಣ್ಣ ಮುಂದೆ ಆಡಿಸಿ ತೋರಿಸಿದರು. ಕರಿಬಟ್ಟೆಯ ಪಕ್ಕ ನಿಂತು ಟೊಪ್ಪಿಗೆ ಹಿಡಿದರು.

“ಎಂಟು ಎಣಿಸ್ತೀನಿ. ಅಲ್ಲಾಡೋ ಹಾಗಿಲ್ಲ, ಮಾತಂತೂ ಇಲ್ಲವೇ ಇಲ್ಲ. ಒಂದು... ಎರಡು...”

ಅವರ ಎಣಿಕೆ ನಿಧಾನ. ಹಳೆಯ ಸ್ಟುಡಿಯೋದವರ ಎಣಿಕೆ, ಒಂದರಿಂದ ಎರಡಕ್ಕೆ ಹೋಗುವಷ್ಟರಲ್ಲಿ ಯಲ್ಲಾಪುರಕ್ಕೆ ಹೋಗಿ ಬರಬಹುದು. ಇದು ಎಂಟು ಸೆಕೆಂಡಲ್ಲ, ಹನ್ನೆರಡು ಆಗುತ್ತದೆ ಎಂದು ನನ್ನೊಳಗಿನ ವ್ಯಾಪಾರಿಗೆ ಅನಿಸಿತು. ಗಾಜು ಹಾಳಾದರೆ? “ಮೂರು...”

“ಆರು ಸಾಕಲ್ಲ ಸಾಹೇಬ್ರೆ,” ಎಂದೆ. ತಲೆ ಅಲ್ಲಾಡಿಸಲಿಲ್ಲ, ಅದಕ್ಕೆ ದೇವರಾಣೆ. ತುಟಿ ಮಾತ್ರ.

“ನಾಲ್ಕು...” ಸಾಹೇಬರು ಕಣ್ಣು ಕೆಂಪಗೆ ಮಾಡಿದರು.

“ಹೋಗ್ಲಿ, ಏಳು ಮಾಡ್ರಿ.”

ಪಕ್ಕದಲ್ಲಿ ಗಿರಿಜಾ ಉಸಿರು ಬಿಗಿಹಿಡಿದದ್ದು ತೋಳಿಗೆ ತಿಳಿಯುತ್ತಿತ್ತು. ಎಂಟು ಎಣಿಸಿ ಸಾಹೇಬರು ಟೊಪ್ಪಿಗೆ ಮುಚ್ಚಿದರು. ಹಿಂದಿನ ಮುಚ್ಚಳ ಸರಿಸಿ, ಪೆಟ್ಟಿಗೆ ಹಿಡಿದು ಗೋದಾಮಿಗೆ ಹೋದರು.

ಆ ಗಾಜನ್ನು ಅವರೇ ತೊಳೆದರು. ನಾವಿಬ್ಬರೂ ಬಾಗಿಲ ಹೊರಗೆ, ಹೆರಿಗೆ ಕೋಣೆಯ ಮುಂದೆ ನಿಂತವರ ಹಾಗೆ ನಿಂತಿದ್ದೆವು. ಒಣಗಿಸಿ, ಬಿಸಿಲಿಗೆ ಹಿಡಿದು ಕಾಗದಕ್ಕೆ ಇಳಿಸಿ ತಂದಾಗ ಮೂವರೂ ಬಗ್ಗಿ ನೋಡಿದೆವು. ಗಿರಿಜಾ ಎಷ್ಟು ಸ್ಪಷ್ಟವಾಗಿ ಬಂದಿದ್ದಳೆಂದರೆ ಸೆರಗಿನ ನೂಲು ಎಣಿಸಬಹುದಿತ್ತು. ಹಣೆಯ ವಿಭೂತಿ, ಕಿವಿಯ ಓಲೆ, ತಡೆದುಕೊಂಡ ನಗುವಿಗೆ ಕೆನ್ನೆಯಲ್ಲಿ ಬಿದ್ದ ಗುಳಿ. ಪಕ್ಕದಲ್ಲಿ ನಾನು. ಅಂಗಿಯ ಗುಂಡಿ ಇದೆ, ಕನ್ನಡಕವಿದೆ, ಕರ್ರಗಾದ ಹತ್ತು ಬೆರಳೂ ಇವೆ. ಮೂಗಿನ ಕೆಳಗೆ ಏನೂ ಇಲ್ಲ. ಮೀಸೆಯಿಂದ ಗಲ್ಲದವರೆಗೆ ಒರೆಸಿಟ್ಟಂತೆ ಬರೀ ಮಂಜು.

“ಅಕ್ಕಾ, ಇನ್ನೂ ಒಂದು ಪ್ಲೇಟಿದೆ,” ಎಂದರು ಸಾಹೇಬರು. “ಮತ್ತೊಮ್ಮೆ ತೆಗೆಯೋಣ. ಶೆಟ್ರ ಬಾಯಿಗೆ ನಾನೇ ಪಟ್ಟಿ ಹಚ್ತೀನಿ.”

ಗಿರಿಜಾ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಬ್ಯಾಡ್ರಿ ಅಣ್ಣಾರ. ಬಾಯಿ ಇಲ್ಲದ ಫೋಟೋ ಇವರದು ಮತ್ತ ಸಿಗೂದಿಲ್ಲ. ಇದ ಇರಲಿ.”

ಅಂಗಡಿಯಲ್ಲಿದ್ದ ಒಳ್ಳೆಯ ತೇಗದ ಪಟ್ಟಿ ತೆಗೆದು ಕಟ್ಟು ಹಾಕಿದೆ. ಗಾಜು ನಾನೇ ಆರಿಸಿದೆ, ಎರಡೂ ಬದಿ ತೊಳೆದೆ, ಬೆಳಕಿಗೆ ಹಿಡಿದು ನೋಡಿಯೇ ತೊಳೆದೆ. ಕ್ಯಾಲೆಂಡರು ಅಡುಗೆಮನೆಗೆ ಹೋಯಿತು. ಮೊಳೆ ಭಾರ ತಡೆಯಿತು.

ಈಗ ಮನೆಗೆ ಬಂದವರೆಲ್ಲ ಆ ಫೋಟೋದ ಮುಂದೆ ನಿಲ್ಲುತ್ತಾರೆ. ನಮ್ಮದೂ ಹೀಗೆ ಒಂದು ಆಗಬೇಕಲ್ಲ, ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಬೆಲೆ ಹೇಳಲು ಬಾಯಿ ತೆರೆಯುತ್ತೇನೆ, ಗೋಡೆಯ ಮೇಲೆ ಕೂತವನನ್ನು ನೋಡಿ ಮುಚ್ಚುತ್ತೇನೆ. ನೀವೂ ಮಾಡುವುದಾದರೆ ಬನ್ನಿ, ಗಾಜು ಕೊಡುತ್ತೇನೆ, ಕಲಿಸುತ್ತೇನೆ, ಚಕ್ಕುಲಿ ಒರಳು ಮುಟ್ಟಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆಳಕು ಎಂಟು ಕೇಳಿದರೆ ಎಂಟು ಕೊಟ್ಟುಬಿಡಿ. ಅವತ್ತು ಹೇಳಿದ ಬೆಲೆಗೆ ಒಪ್ಪಿ ಸುಮ್ಮನೆ ಕೂತಿದ್ದರೆ ನನ್ನ ಬಾಯಿ ನನಗೆ ಉಳಿಯುತ್ತಿತ್ತು. ಆದರೆ ಪಕ್ಕದಲ್ಲಿ ಗಿರಿಜಾಳ ಕೆನ್ನೆಯ ಆ ಗುಳಿ ಬರುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ, ಅಲ್ಲೂ ನಾನು ಅಗ್ಗಕ್ಕೇ ಕೊಂಡೆ.